ಒಂದು ತಿದ್ದುಪಡಿ, ಆರು ಪುಸ್ತಕ

ಕಳೆದ ವರ್ಷದ ರಾಜ್ಯೋತ್ಸವ ಕಾರ್ಯಕ್ರಮ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಡೊಳ್ಳು ಕುಣಿತ ಮುಗಿದಿತ್ತು, ಡ್ಯಾನ್ಸ್ ಟೀಮ್ ಇನ್ನೂ ರೆಡಿ ಆಗಿರಲಿಲ್ಲ. ನಡುವಿನ ಹತ್ತು ನಿಮಿಷ ತುಂಬಿಸೋಕೆ ಒಬ್ಬ ಫಸ್ಟ್ ಇಯರ್ ಹುಡುಗ ಪಂಚೆ ಉಟ್ಟು, ಹಳದಿ-ಕೆಂಪು ಶಾಲು ಹೊದ್ದು ಸ್ಟೇಜ್ ಹತ್ತಿದ. ವಿಜಯನಗರ ಹೇಗೆ ಮೆರೆಯಿತು, ಹೇಗೆ ಬಿತ್ತು ಅಂತ ಮಾತಾಡಿದ. ಕೊನೇ ಸಾಲಿಗೆ ಇಡೀ ಆಡಿಟೋರಿಯಂ ಎದ್ದು ನಿಂತು ಶಿಳ್ಳೆ ಹೊಡೀತು. ಆ ಹುಡುಗ ನಾನೇ.

ಈ ಸಲ ಸಂಪಾದಕ ಬಳಗದ ಸೀನಿಯರ್ ಒಬ್ಬರು "ಇತಿಹಾಸ ಓದೋಕೆ ಶುರು ಮಾಡೋರಿಗೆ ಒಂದಷ್ಟು ಪುಸ್ತಕ ಹೇಳಿ ಬರಿ" ಅಂದಾಗ ನಾನೊಂದು ಷರತ್ತು ಹಾಕಿದೆ. ಪುಸ್ತಕಗಳ ಜೊತೆಗೆ ಆ ಭಾಷಣಕ್ಕೆ ಒಂದು ತಿದ್ದುಪಡಿಯನ್ನೂ ಹಾಕಬೇಕು. ಅವತ್ತು ನಾನು ಹೇಳಿದ್ದನ್ನು ಐನೂರು ಜನ ಕೇಳಿದ್ದೀರಿ. ತಪ್ಪಾಗಿದೆ ಅಂತ ನನ್ನ ರೂಮಿನೊಳಗೆ ಮಾತ್ರ ಒಪ್ಪಿಕೊಂಡರೆ ಸರಿ ಹೋಗಲ್ಲ.

ಮೊದಲು ನನ್ನ ಬಗ್ಗೆ ಸ್ವಲ್ಪ ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಸೆಕೆಂಡ್ ಲ್ಯಾಂಗ್ವೇಜ್. ಪಿಯುಸಿಯಲ್ಲಿ ಮಾರ್ಕ್ಸ್ ಬರುತ್ತೆ ಅಂತ ಸಂಸ್ಕೃತ. ಮನೇಲಿ ಮಾತಾಡೋದು ಕನ್ನಡವೇ, ಆದರೆ ಒಂದು ಪುಟ ಕನ್ನಡ ಓದೋಕೆ ನನಗೆ ನಾಲ್ಕು ನಿಮಿಷ ಬೇಕು. ಇತಿಹಾಸ ಅಂದ್ರೆ ಸೋಷಿಯಲ್ ಸೈನ್ಸ್ ಪೇಪರ್‌ನಲ್ಲಿ ಇಸವಿ ಬರೆಯೋದು, ಅಷ್ಟೇ. ಹಾಗಾಗಿ ಆ ಭಾಷಣವನ್ನ ನಾನು ಒಂದು ಯೂಟ್ಯೂಬ್ ವಿಡಿಯೋ, ಫ್ಯಾಮಿಲಿ ಗ್ರೂಪಿಗೆ ಬಂದಿದ್ದ ಎರಡು ಫಾರ್ವರ್ಡ್, ಒಂದು ಕ್ವಿಜ್ ಪಿಡಿಎಫ್, ಇವಿಷ್ಟನ್ನ ಇಟ್ಟುಕೊಂಡು ಒಂದೇ ರಾತ್ರಿಯಲ್ಲಿ ಬರೆದೆ. ಅದೂ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ.

ಆ ಭಾಷಣದಲ್ಲಿ ಮುಖ್ಯವಾಗಿ ನಾಲ್ಕು ಮಾತು ಹೇಳಿದ್ದೆ. ಒಂದು, ಹಂಪಿಯ ಬಜಾರಿನಲ್ಲಿ ಮುತ್ತು ರತ್ನಗಳನ್ನ ಸೇರಿನಲ್ಲಿ ಅಳೆದು ಮಾರ್ತಿದ್ದರು. ಎರಡು, 1565ರಲ್ಲಿ ತಾಳಿಕೋಟೆಯ ಮೈದಾನದಲ್ಲಿ ಸುಲ್ತಾನರೆಲ್ಲ ಧರ್ಮಕ್ಕಾಗಿ ಒಂದಾಗಿ ಬಂದರು, ನಮ್ಮವರು ಒಂಟಿಯಾಗಿ ಹೋರಾಡಿದರು. ಮೂರು, ಅವರು ಹಂಪಿಯಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಸಲಿಲ್ಲ. ನಾಲ್ಕು, ಅಲ್ಲಿಗೆ ಸಾಮ್ರಾಜ್ಯದ ಕಥೆ ಮುಗೀತು. ಕೊನೇ ಸಾಲು "ನಮ್ಮವರ ರಕ್ತ ಇನ್ನೂ ಆ ಮಣ್ಣಲ್ಲಿ ಆರಿಲ್ಲ" ಅನ್ನೋ ಥರ ಇತ್ತು. ಅದಕ್ಕೇ ಶಿಳ್ಳೆ ಬಿದ್ದಿದ್ದು.

ನನ್ನ ರೂಮ್‌ಮೇಟ್ ತಾಳಿಕೋಟಿಯವನು. ನಾವು 'ತಾಳಿಕೋಟೆ' ಅಂತೀವಿ, ಅವರು 'ತಾಳಿಕೋಟಿ' ಅಂತಾರೆ. ವಿಜಯಪುರ ಜಿಲ್ಲೆ, ಡೋಣಿ ನದಿ ದಂಡೆಯ ಊರು. ಅವನು ಮುಸ್ಲಿಂ ಅನ್ನೋದು ನನಗೆ ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿತ್ತು. ಸ್ಕ್ರಿಪ್ಟ್ ಬರೆಯೋವಾಗ ಅದು ತಲೆಗೇ ಬಂದಿರಲಿಲ್ಲ. ಅವನು ನನಗೆ ಮೆಕ್ಯಾನಿಕ್ಸ್ ಪ್ರಾಬ್ಲಮ್ ಹೇಳಿಕೊಡೋನು, ಊರಿಂದ ಬರೋವಾಗ ಅವನಮ್ಮ ಕಟ್ಟಿಕೊಟ್ಟ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿಯನ್ನ ನಮ್ಮಿಬ್ಬರ ಟೇಬಲ್ ನಡುವೆ ಇಡೋನು. ಅಷ್ಟೇ ನನ್ನ ತಲೆಯಲ್ಲಿ ಇದ್ದಿದ್ದು.

ಅವತ್ತು ರಾತ್ರಿ ನಾನು ರೂಮಿಗೆ ಬಂದಾಗ ಅವನು ಮಲಗಿರಲಿಲ್ಲ.

"ಛಲೋ ಮಾತಾಡಿದಿ, ದೋಸ್ತ," ಅಂದ.

"ಥ್ಯಾಂಕ್ಸ್ ಮಗಾ."

"ಒಂದು ಕೇಳ್ಲೇನು? 'ನಮ್ಮವರು', 'ನಮ್ಮವರು' ಅಂದ್ಯಲ್ಲ, ಅದ್ರಾಗ ನಾ ಅದೀನೋ ಇಲ್ಲೋ?"

ನಾನು ಏನೋ ಒಂದು ಹೇಳಿದೆ. 'ಅದು ನಿನಗೆ ಹೇಳಿದ್ದಲ್ಲ', 'ಹಳೇ ಕಾಲದ ಮಾತು', 'ಸೀರಿಯಸ್ ಆಗಿ ತಗೋಬೇಡ', ಇಂಥವೇ. ಅವನು ವಾದ ಮಾಡಲಿಲ್ಲ. "ಆತು ಬಿಡು" ಅಂತ ಲೈಟ್ ಆರಿಸಿದ. ಜಗಳ ಆಗಿದ್ದಿದ್ದರೆ ಚೆನ್ನಾಗಿರ್ತಿತ್ತು. ಮರುದಿನವೂ ರೊಟ್ಟಿ ಡಬ್ಬಿ ಟೇಬಲ್ ನಡುವೆಯೇ ಇತ್ತು. ನನಗೆ ಕೈ ಹಾಕೋಕೆ ಆಗಲಿಲ್ಲ.

ಎರಡು ವಾರ ಆದಮೇಲೆ, ಇಂಟರ್ನಲ್ಸ್ ಮುಗಿದ ಸಂಜೆ, ನಾನೇ ಕೇಳಿದೆ. "ನಾನು ಹೇಳಿದ್ದರಲ್ಲಿ ಏನು ತಪ್ಪಿತ್ತು ಹೇಳು, ಸರಿ ಮಾಡ್ತೀನಿ." ಅವನ ಉತ್ತರ ನಾನು ಅಂದುಕೊಂಡ ಹಾಗಿರಲಿಲ್ಲ. "ಸುಲ್ತಾನರು ಭಾಳ ಒಳ್ಳೇವ್ರು ಅಂತ ಸರ್ಟಿಫಿಕೇಟ್ ನಾ ಏನ್ ಕೇಳಿಲ್ಲ. ನೀ ಹೇಳಿದ್ದು ನಿನಗ ಹ್ಯಾಂಗ ಗೊತ್ತಾತು, ಅದನ್ನ ಹೇಳು ಮೊದಲ."

ಹೇಗೆ ಗೊತ್ತಾಯ್ತು? ನನ್ನ ಹತ್ತಿರ ಉತ್ತರ ಇರಲಿಲ್ಲ. ಫಾರ್ವರ್ಡ್ ಮಾಡಿದವರಿಗೆ ಹೇಗೆ ಗೊತ್ತು ಅನ್ನೋದೂ ಗೊತ್ತಿರಲಿಲ್ಲ.

ಮೋಸ ಹೋಗಿದ್ದು ಇದೇ ಮೊದಲ ಸಲವೂ ಅಲ್ಲ. ಹತ್ತನೇ ಕ್ಲಾಸ್ ಪರೀಕ್ಷೆ ಮುಗಿದ ರಜೆಯಲ್ಲಿ ಪಠ್ಯ ಬಿಟ್ಟು ನಾನು ಪೂರ್ತಿ ಓದಿದ ಮೊದಲ ಕನ್ನಡ ಪುಸ್ತಕ ಪೂರ್ಣಚಂದ್ರ ತೇಜಸ್ವಿಯವರ 'ಮಹಾಪಲಾಯನ'. ಸೈಬೀರಿಯಾದ ಸೆರೆ ಶಿಬಿರದಿಂದ ತಪ್ಪಿಸಿಕೊಂಡ ಕೈದಿಗಳು ಗೋಬಿ ಮರುಭೂಮಿ, ಹಿಮಾಲಯ ದಾಟಿ ಭಾರತಕ್ಕೆ ನಡೆದು ಬರೋ ಕಥೆ. ನಿಧಾನವಾಗಿ ಓದೋ ನಾನೇ ನಾಲ್ಕು ದಿನದಲ್ಲಿ ಮುಗಿಸಿದ್ದೆ. ಅದರ ಮೂಲ 1956ರಲ್ಲಿ ಬಂದ ಸ್ಲಾವೊಮಿರ್ ರಾವಿಚ್ ಅನ್ನೋ ಪೋಲಿಷ್ ಸೈನಿಕನ 'ದ ಲಾಂಗ್ ವಾಕ್'. 2006ರಲ್ಲಿ ಬಿಬಿಸಿಯವರು ಸೋವಿಯತ್ ಕಾಲದ ದಾಖಲೆ ಹುಡುಕಿ ತೆಗೆದಾಗ ಬೇರೆಯೇ ಗೊತ್ತಾಯ್ತು. ರಾವಿಚ್ ತಪ್ಪಿಸಿಕೊಂಡೇ ಇರಲಿಲ್ಲ, 1942ರಲ್ಲಿ ಪೋಲಿಷ್ ಕೈದಿಗಳಿಗೆ ಸಿಕ್ಕ ಕ್ಷಮಾದಾನದಲ್ಲಿ ಬಿಡುಗಡೆಯಾಗಿ ಇರಾನಿನ ನಿರಾಶ್ರಿತರ ಶಿಬಿರಕ್ಕೆ ಹೋಗಿದ್ದ. ಇದು ನನಗೆ ಗೊತ್ತಾದಾಗ ಎರಡು ದಿನ ಬೇಜಾರಾಗಿತ್ತು. 'ಮಹಾಪಲಾಯನ' ಈಗಲೂ ನನ್ನ ಇಷ್ಟದ ಪುಸ್ತಕವೇ, ನೀವೂ ಓದಿ. ಕಾದಂಬರಿ ಓದಿದ ಹಾಗೆ ಓದಿ. ಕಥೆ ಚೆನ್ನಾಗಿದ್ದರೆ ಅದು ನಿಜ ಆಗಲೇಬೇಕು ಅಂತೇನಿಲ್ಲ ಅನ್ನೋದನ್ನ ನಾನು ಅಲ್ಲೇ ಕಲಿಯಬೇಕಿತ್ತು. ಕಲಿಯಲಿಲ್ಲ.

ನಾವೆಲ್ಲ ಲ್ಯಾಬ್‌ನಲ್ಲಿ ಮಾಡೋ ಒಂದು ಕೆಲಸ ನಿಮಗೆ ಗೊತ್ತೇ ಇದೆ. ಎಕ್ಸ್‌ಪೆರಿಮೆಂಟ್ ಸರಿಯಾಗಿ ಬರದಿದ್ದರೆ ಸೀನಿಯರ್ ರೆಕಾರ್ಡ್ ತಗೊಂಡು ಉತ್ತರ ನೋಡ್ತೀವಿ, ಆಮೇಲೆ ಆ ಉತ್ತರಕ್ಕೆ ಹೊಂದೋ ಹಾಗೆ ರೀಡಿಂಗ್ ಬರೀತೀವಿ. ಗ್ರಾಫ್ ಎಷ್ಟು ನೇರವಾಗಿ ಬರುತ್ತೆ ಅಂದ್ರೆ ನೋಡಿದ ತಕ್ಷಣ ಲ್ಯಾಬ್ ಮೇಡಂಗೆ ಗೊತ್ತಾಗುತ್ತೆ. ನನ್ನ ಭಾಷಣವೂ ಅಂಥ ಗ್ರಾಫ್. ಉತ್ತರ ಮೊದಲೇ ಇತ್ತು, ರೀಡಿಂಗ್ ಆಮೇಲೆ ಬಂತು.

ಹಾಗಾಗಿ ಕೆಳಗಿನ ಪುಸ್ತಕಗಳನ್ನ ನಾನು ಆರಿಸಿರೋದು ಒಂದೇ ಅಳತೆಯಲ್ಲಿ. 'ನಿನಗೆ ಇದು ಹೇಗೆ ಗೊತ್ತು?' ಅಂತ ಪುಸ್ತಕಕ್ಕೆ ಕೇಳಿದರೆ ಅದು ಉತ್ತರ ಕೊಡುತ್ತಾ? ಇಲ್ಲಾಂದ್ರೆ, ಅದು ಯಾವ ಥರದ ಬರಹ ಅನ್ನೋದಾದರೂ ನಮಗೆ ಸ್ಪಷ್ಟವಾಗುತ್ತಾ? ಎಲ್ಲವೂ ವಿಜಯನಗರದ ಸುತ್ತಮುತ್ತ ಯಾಕಿವೆ ಅಂದ್ರೆ ನಾನು ತಪ್ಪು ಮಾಡಿದ್ದು ಅಲ್ಲಿ. ನೀವು ನಿಮ್ಮ ಇಷ್ಟದ ಜಾಗದಿಂದ ಶುರು ಮಾಡಿ. ಆದರೆ ಒಂದೇ ವಿಷಯದ ಮೇಲೆ ಎರಡು-ಮೂರು ಪುಸ್ತಕ ಓದಿ. ಒಂದೇ ಪುಸ್ತಕ ಓದಿದರೆ ನಂಬೋದು ಬಿಟ್ಟು ಬೇರೆ ದಾರಿ ಇರಲ್ಲ.

1. ರಾಕ್ಷಸ ತಂಗಡಿ – ಗಿರೀಶ್ ಕಾರ್ನಾಡ್

2018ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂದ ನಾಟಕ, ಕಾರ್ನಾಡರು ಬರೆದ ಕೊನೆಯ ನಾಟಕ. ನನ್ನ ಹಾಗೆ ಕನ್ನಡ ನಿಧಾನವಾಗಿ ಓದೋರು ಇಲ್ಲಿಂದ ಶುರು ಮಾಡಿ. ಪೂರ್ತಿ ಸಂಭಾಷಣೆ ಆಗಿರೋದರಿಂದ ಪುಟಗಳು ಬೇಗ ಸಾಗುತ್ತವೆ. ವಿಜಯನಗರದಲ್ಲಿ ಹೆಸರಿಗೆ ರಾಜ ಸದಾಶಿವರಾಯ, ಆದರೆ ಅಧಿಕಾರ ಎಲ್ಲ ಕೃಷ್ಣದೇವರಾಯನ ಅಳಿಯ ರಾಮರಾಯನ ಕೈಯಲ್ಲಿ. ಅಳಿಯ ರಾಮರಾಯ ಅಂತ ಒಬ್ಬ ಮನುಷ್ಯ ಇದ್ದ, ಅವನಿಗೂ ಆಸೆ, ಅಹಂಕಾರ, ಲೆಕ್ಕಾಚಾರ ಇತ್ತು ಅನ್ನೋದು ನನಗೆ ಹೊಳೆದಿದ್ದೇ ಇದನ್ನ ಓದಿದಾಗ. ನನ್ನ ಭಾಷಣದಲ್ಲಿ ಅವನು ಬರೀ ತಲೆ ಕಳೆದುಕೊಳ್ಳೋ ಪಾತ್ರ. ಇದು ನಾಟಕ, ಮಾತುಗಳು ಕಾರ್ನಾಡರವು ಅನ್ನೋದನ್ನ ಮರೀಬೇಡಿ. ಆದರೆ ಇದು ಓದಿದ ಮೇಲೆ 'ನಿಜವಾಗಿ ಏನಾಗಿತ್ತು?' ಅನ್ನೋ ಹಸಿವು ಹುಟ್ಟುತ್ತೆ.

2. ಎ ಫರ್ಗಾಟನ್ ಎಂಪೈರ್ – ರಾಬರ್ಟ್ ಸಿವೆಲ್

1900ರಲ್ಲಿ ಬಂದ ಇಂಗ್ಲಿಷ್ ಪುಸ್ತಕ. ಕಾಪಿರೈಟ್ ಮುಗಿದಿರೋದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತೆ. ಸಿವೆಲ್ ಮದ್ರಾಸ್ ಪ್ರಾಂತ್ಯದಲ್ಲಿ ಕೆಲಸ ಮಾಡಿದ ಬ್ರಿಟಿಷ್ ಅಧಿಕಾರಿ. ಇದರ ನಿಜವಾದ ಆಸ್ತಿ ಪುಸ್ತಕದ ಕೊನೆಯಲ್ಲಿದೆ. ಸುಮಾರು 1520ರಲ್ಲಿ ಹಂಪಿಗೆ ಬಂದಿದ್ದ ಡೊಮಿಂಗೊ ಪಾಯೆಸ್, ಅವನಾದ ಮೇಲೆ ಬಂದ ಕುದುರೆ ವ್ಯಾಪಾರಿ ನ್ಯೂನಿಜ್, ಈ ಇಬ್ಬರು ಪೋರ್ಚುಗೀಸರು ಬರೆದಿದ್ದರ ಇಂಗ್ಲಿಷ್ ಅನುವಾದ ಅಲ್ಲಿದೆ. ಪಾಯೆಸ್ ಕಣ್ಣಾರೆ ಕಂಡವನು. ಕೃಷ್ಣದೇವರಾಯನ ಮುಖದಲ್ಲಿ ಸಿಡುಬಿನ ಕಲೆ ಇದ್ದದ್ದು, ರಾಜ ಬೆಳಗಾಗೋ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು ಕಸರತ್ತು ಮಾಡ್ತಿದ್ದದ್ದು, ಎಲ್ಲ ಬರೆದಿದ್ದಾನೆ. ಸಿವಿಲ್‌ನವರು ಓದಲೇಬೇಕಾದ ಒಂದು ಭಾಗ ಇದೆ. ರಾಜ ಒಂದು ದೊಡ್ಡ ಕೆರೆ ಕಟ್ಟಿಸ್ತಿರ್ತಾನೆ, ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡೋದನ್ನ ಪಾಯೆಸ್ ನೋಡ್ತಾನೆ, ಕಟ್ಟೆ ಮತ್ತೆ ಮತ್ತೆ ಒಡೆಯುತ್ತೆ.

ಅಂಗಡಿ ಬೀದಿಯಲ್ಲಿ ವಜ್ರ, ಮಾಣಿಕ್ಯ, ಮುತ್ತು ಮಾರಾಟಕ್ಕಿದ್ದದ್ದನ್ನೂ ಅವನು ಬರೆದಿದ್ದಾನೆ. ಸೇರಿನಲ್ಲಿ ಅಳೆಯೋದು ಮಾತ್ರ ನನಗೆ ಅಲ್ಲಿ ಸಿಗಲಿಲ್ಲ.

ಸಿವೆಲ್ ಓದುವಾಗ ಸ್ವಲ್ಪ ಹುಷಾರು. ಹಂಪಿ ನಾಶವಾದದ್ದನ್ನ ಅವನು ಎಷ್ಟು ಬಣ್ಣ ಹಚ್ಚಿ ಬರೆದಿದ್ದಾನೆ ಅಂದ್ರೆ, ಓದ್ತಾ ಓದ್ತಾ ನನಗೆ ನನ್ನ ಭಾಷಣ ನೆನಪಾಯ್ತು. ನನಗೆ ಬಂದ ಫಾರ್ವರ್ಡ್‌ಗಳ ಅಜ್ಜ ಸಿಕ್ಕಿದ ಹಾಗಾಯ್ತು. ಆದರೆ ಅದೇ ಪುಸ್ತಕದಲ್ಲಿ ಸೀಸರ್ ಫ್ರೆಡ್ರಿಕ್ ಅನ್ನೋ ವೆನಿಸ್ ವ್ಯಾಪಾರಿಯ ಮಾತೂ ಇದೆ. ಅವನು ಯುದ್ಧ ಆಗಿ ಎರಡು ವರ್ಷಕ್ಕೆ, 1567ರಲ್ಲಿ, ಅಲ್ಲಿಗೆ ಬಂದಿದ್ದ. ನಗರ ಪೂರ್ತಿ ನೆಲಸಮ ಆಗಿಲ್ಲ, ಮನೆಗಳು ನಿಂತಿವೆ, ಆದರೆ ಖಾಲಿ, ಒಳಗೆ ಹುಲಿಯಂಥ ಕಾಡುಪ್ರಾಣಿಗಳಿವೆಯಂತೆ ಅಂತಾನೆ. ಹಾಳು ಬಿದ್ದ ಊರು, ನಿಂತಿರೋ ಮನೆಗಳು. ನನಗೆ ಈ ಚಿತ್ರ 'ಕಲ್ಲಿನ ಮೇಲೆ ಕಲ್ಲು ಉಳಿಯಲಿಲ್ಲ' ಅನ್ನೋದಕ್ಕಿಂತ ಹೆಚ್ಚು ಸಂಕಟ ಕೊಡ್ತು.

3. ಎ ಸೋಷಿಯಲ್ ಹಿಸ್ಟರಿ ಆಫ್ ದ ಡೆಕ್ಕನ್ – ರಿಚರ್ಡ್ ಈಟನ್

2005ರಲ್ಲಿ ಬಂದದ್ದು. ಹೆಸರು ಟೆಕ್ಸ್ಟ್‌ಬುಕ್ ಥರ ಇದೆ, ಹೆದರಬೇಡಿ. 1300ರಿಂದ 1761ರವರೆಗಿನ ದಖ್ಖನ್ನಿನ ಕಥೆಯನ್ನ ಎಂಟು ಜನರ ಬದುಕಿನ ಮೂಲಕ ಹೇಳ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ, ಯಾವುದನ್ನ ಬೇಕಾದರೂ ಮೊದಲು ಓದಬಹುದು. ಕಲಬುರಗಿಯ ಗೇಸುದರಾಜ್ ಇದ್ದಾರೆ, 1472ರಲ್ಲಿ ಬೀದರಿನ ಮದ್ರಸಾ ಕಟ್ಟಿಸಿದ ಮಹಮೂದ್ ಗವಾನ್ ಇದ್ದಾನೆ, ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ಅಹಮದ್‌ನಗರವನ್ನ ನಡೆಸಿದ ಮಲಿಕ್ ಅಂಬರ್ ಇದ್ದಾನೆ, ಸಂತ ತುಕಾರಾಮ್ ಇದ್ದಾರೆ. ಮತ್ತೆ ನಮ್ಮ ರಾಮರಾಯ.

ಆ ಅಧ್ಯಾಯವನ್ನ ನಾನು ಎರಡು ಸಲ ಓದಿದೆ. ರಾಮರಾಯ ವಿಜಯನಗರಕ್ಕೆ ಬರೋ ಮುಂಚೆ ಗೋಲ್ಕೊಂಡದ ಸುಲ್ತಾನನ ಹತ್ತಿರ ಕೆಲಸಕ್ಕಿದ್ದ. ಮುಂದೆ ಅದೇ ಗೋಲ್ಕೊಂಡವನ್ನ ಆಳಿದ ಇಬ್ರಾಹಿಂ ಕುತುಬ್ ಶಾಹ, ರಾಜನಾಗೋ ಮುಂಚೆ ಜೀವ ಉಳಿಸಿಕೊಳ್ಳೋಕೆ ಓಡಿ ಬಂದಿದ್ದು ವಿಜಯನಗರಕ್ಕೆ, ಏಳು ವರ್ಷ ರಾಮರಾಯನ ಆಶ್ರಯದಲ್ಲೇ ಇದ್ದ. ಬಿಜಾಪುರದ ಅಲಿ ಆದಿಲ್ ಶಾಹ, ರಾಮರಾಯನ ಮಗ ತೀರಿಕೊಂಡಾಗ ಸಮಾಧಾನ ಹೇಳೋಕೆ ತಾನೇ ವಿಜಯನಗರಕ್ಕೆ ಬಂದ, ರಾಮರಾಯನ ಹೆಂಡತಿ ಅವನನ್ನ ಮಗ ಅಂತ ಕರೆದಳು. ಇಬ್ಬರೂ ಸೇರಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋದರು. ಇವತ್ತು ಇವನ ಜೊತೆ, ನಾಳೆ ಅವನ ಜೊತೆ ಅಂತ ರಾಮರಾಯ ವರ್ಷಗಟ್ಟಲೆ ಆಡಿದ ಆಟ, ನಡುವೆ ರಾಯಚೂರು, ಕಲ್ಯಾಣದ ಕೋಟೆಗಳಿಗಾಗಿ ಜಗಳ, ಕೊನೆಗೆ ಎಲ್ಲರೂ ಇವನ ಮೇಲೇ ತಿರುಗಿ ಬಿದ್ದರು. 1565ರ ಜನವರಿ 23ರಂದು ಎದುರಿಗೆ ನಿಂತಿದ್ದವರಲ್ಲಿ ಒಬ್ಬ ಅವನು ಆಶ್ರಯ ಕೊಟ್ಟವನು, ಇನ್ನೊಬ್ಬ ಅವನ ಮನೆಯಲ್ಲಿ ಮಗ ಅನ್ನಿಸಿಕೊಂಡವನು. ಇದನ್ನ ಓದಿ ಮುಗಿಸಿದಾಗ ನನ್ನ ಭಾಷಣ ನನಗೇ ಚಿಕ್ಕ ಮಕ್ಕಳ ನಾಟಕ ಅನ್ನಿಸ್ತು. ನಿಜ ಕಥೆ ಅದಕ್ಕಿಂತ ಎಷ್ಟೋ ದೊಡ್ಡ ದುರಂತ.

ಅಲಿ ಆದಿಲ್ ಶಾಹನ ಈ ಕಥೆ ಮುಖ್ಯವಾಗಿ ಫೆರಿಷ್ತಾ ಅನ್ನೋ ಇತಿಹಾಸಕಾರನಿಂದ ಬಂದದ್ದು. ಅವನು ಬರೆದದ್ದು ಯುದ್ಧ ಆಗಿ ದಶಕಗಳಾದ ಮೇಲೆ, ಬಿಜಾಪುರದ ಆಸ್ಥಾನದಲ್ಲಿ ಕೂತು. ಅಂದರೆ ಅವನ ಅನ್ನ ಯಾವ ಮನೆಯದ್ದು ಅನ್ನೋದನ್ನೂ ನಾವು ಲೆಕ್ಕಕ್ಕೆ ಹಿಡೀಬೇಕು. ಮೀಟರ್‌ನಲ್ಲಿ ಝೀರೋ ಎರರ್ ಇದ್ದರೆ ಮೀಟರ್ ಎಸೆಯಲ್ಲ, ಎಷ್ಟಿದೆ ಅಂತ ಬರೆದುಕೊಂಡು ರೀಡಿಂಗ್ ತಗೋತೀವಿ. ಇದೂ ಹಾಗೇ.

4. ರೆಬೆಲ್ ಸುಲ್ತಾನ್ಸ್ – ಮನು ಎಸ್. ಪಿಳ್ಳೈ

2018ರದ್ದು. ಈಟನ್ ಭಾರ ಅನ್ನಿಸಿದರೆ ಇದನ್ನ ಓದಿ, ಬಸ್ಸಿನಲ್ಲಿ ಕೂತು ಓದೋ ಥರ ಇದೆ. ಹಿಂದೆ ಟಿಪ್ಪಣಿಗಳೂ ಇವೆ, ಯಾವ ಮಾತು ಎಲ್ಲಿಂದ ಬಂತು ಅಂತ ನೋಡಬಹುದು. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ ನನಗೆ ಪರಿಚಯ ಆಗಿದ್ದು ಇಲ್ಲಿ. 'ಕಿತಾಬ್-ಎ-ನವರಸ್' ಅಂತ ದಖನಿ ಭಾಷೆಯಲ್ಲಿ ಹಾಡುಗಳನ್ನ ಬರೆದ, ಅದು ಶುರುವಾಗೋದೇ ಸರಸ್ವತಿ ಸ್ತುತಿಯಿಂದ. ಜನ ಅವನನ್ನ ಜಗದ್ಗುರು ಬಾದಶಾಹ ಅಂತಿದ್ದರು. ಬಹಳ ಖುಷಿಯಿಂದ ರೂಮ್‌ಮೇಟ್‌ಗೆ ಹೇಳಿದೆ. ಅವನು ಪುಸ್ತಕದಿಂದ ತಲೆ ಎತ್ತಲೇ ಇಲ್ಲ. "ಇದು ನಮ್ಮ ಜಿಲ್ಲಾದಾಗ ಎಲ್ರಿಗೂ ಗೊತ್ತೈತಿ. ನಿಮಗ್ಯಾಕ ಗೊತ್ತಿಲ್ಲ?" ಅಂದ.

5. ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ – ಎಂ. ಚಿದಾನಂದಮೂರ್ತಿ

ಇದು ಕಷ್ಟದ ಪುಸ್ತಕ, ನಾನು ಪೂರ್ತಿ ಮುಗಿಸಿಲ್ಲ ಅಂತ ಒಪ್ಪಿಕೊಳ್ತೀನಿ. ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳು, ಅಂದರೆ ವಿಜಯನಗರಕ್ಕಿಂತ ಹಿಂದಿನ ಕಾಲ. ಹಾಗಿದ್ದರೂ ಯಾಕೆ ಹೇಳ್ತಿದ್ದೀನಿ ಅಂದ್ರೆ 'ಹೇಗೆ ಗೊತ್ತು?' ಅನ್ನೋ ಪ್ರಶ್ನೆಗೆ ಇದರಷ್ಟು ನೇರ ಉತ್ತರ ಕೊಡೋ ಪುಸ್ತಕ ನಾನು ನೋಡಿಲ್ಲ. ಪ್ರತಿ ಮಾತಿಗೂ ಹಿಂದೆ ಒಂದು ಕಲ್ಲು ಇದೆ. ಆ ಕಾಲದವರ ಮದುವೆ, ಸಾವು, ಯುದ್ಧ, ದೇವರು, ಎಲ್ಲವನ್ನೂ ಕಲ್ಲಿನ ಮೇಲಿನ ಸಾಲುಗಳಿಂದ ಹೆಕ್ಕಿ ತೆಗೆದಿದ್ದಾರೆ. ದಿನಕ್ಕೆ ಎರಡು ಪುಟ ಓದಿದರೂ ಸಾಕು.

ಇದರಲ್ಲಿ ನನಗೊಂದು ಪದ ಸಿಕ್ತು: ಜೋಳವಾಳಿ. ಯಾರ ಜೋಳ ತಿಂದಿದ್ದಾನೋ ಅವನಿಗಾಗಿ ಸೈನಿಕ ಜೀವ ಕೊಡಬೇಕು ಅನ್ನೋ ಋಣ. ಇದು ತಿಳಿದ ಮೇಲೆ ಸಿವೆಲ್ ಪುಸ್ತಕದ ಒಂದು ವಿಷಯ ನನಗೆ ಬೇರೆ ಥರ ಕಾಣಿಸ್ತು. ವಿಜಯನಗರದ ಎರಡನೇ ದೇವರಾಯ ತನ್ನ ಸೈನ್ಯಕ್ಕೆ ಮುಸ್ಲಿಂ ಸೈನಿಕರನ್ನ ಸೇರಿಸಿಕೊಂಡ, ಅವರು ನಮಸ್ಕಾರ ಮಾಡೋಕೆ ತೊಂದರೆ ಆಗಬಾರದು ಅಂತ ಸಿಂಹಾಸನದ ಮುಂದೆ ಕುರಾನ್ ಇಡಿಸಿದ ಅಂತ ಫೆರಿಷ್ತಾ ಬರೀತಾನೆ. ಅವರು ತಿಂದದ್ದೂ ವಿಜಯನಗರದ ಜೋಳವನ್ನೇ ಅಲ್ವಾ? ನಾನಂತೂ ಎರಡು ತಿಂಗಳು ತಾಳಿಕೋಟಿಯ ಜೋಳ ತಿಂದು, ಸ್ಟೇಜ್ ಹತ್ತಿ ಆ ಮಾತಾಡಿದ್ದೆ.

ಶಾಸನ ನಮ್ಮ ಬ್ರಾಂಚ್‌ಗಳಿಗೆ ದೂರದ್ದು ಅಂದುಕೊಳ್ಳಬೇಡಿ. ಬೆಂಗಳೂರಿನ ಬೇಗೂರಿನಲ್ಲಿ ಸುಮಾರು 890ರ ಒಂದು ವೀರಗಲ್ಲಿನಲ್ಲಿ 'ಬೆಂಗಳೂರು' ಅನ್ನೋ ಹೆಸರು ಇದೆ. ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಇಂಥ ಕಲ್ಲುಗಳನ್ನ ತ್ರೀಡಿ ಸ್ಕ್ಯಾನ್ ಮಾಡಿಡ್ತಿದ್ದಾರೆ. ಕಣ್ಣಿಗೆ ಕಾಣದ ಅಕ್ಷರ ಸ್ಕ್ಯಾನ್‌ನಲ್ಲಿ ಎದ್ದು ಕಾಣುತ್ತೆ. ಅದು ಪಕ್ಕಾ ಎಂಜಿನಿಯರಿಂಗ್ ಕೆಲಸ.

6. ಕರ್ನಾಟಕ ಗತವೈಭವ – ಆಲೂರು ವೆಂಕಟರಾಯರು

ಇದನ್ನ ಕೊನೆ ಪುಸ್ತಕವಾಗಿ ಓದಿ ಅಂತ ನನ್ನ ಸಲಹೆ. 1917ರಲ್ಲಿ ಬಂತು. ಆಗ ಕನ್ನಡ ಮಾತಾಡೋರು ಮುಂಬಯಿ, ಮದ್ರಾಸ್, ಹೈದರಾಬಾದ್, ಮೈಸೂರು, ಕೊಡಗು ಅಂತ ಹಂಚಿ ಹೋಗಿದ್ದರು. ನಮಗೂ ಒಂದು ದೊಡ್ಡ ಹಿಂದಿನ ಕಾಲ ಇತ್ತು ಅಂತ ಜನರನ್ನ ಎಬ್ಬಿಸೋಕೆ ಬರೆದ ಪುಸ್ತಕ ಇದು, ಎಬ್ಬಿಸಿತು ಕೂಡ. ನಾವು ನವೆಂಬರ್ ಒಂದಕ್ಕೆ ಬಾವುಟ ಹಾರಿಸೋದರ ಹಿಂದೆ ಈ ಪುಸ್ತಕ ಇದೆ. ಆದರೆ ಇದನ್ನ ಹಿಂದಿನ ರಾಜರ ಬಗ್ಗೆ ತಿಳಿಯೋಕೆ ಓದೋದಕ್ಕಿಂತ, 1917ರ ಕನ್ನಡಿಗರ ಮನಸ್ಸಲ್ಲಿ ಏನಿತ್ತು ಅಂತ ತಿಳಿಯೋಕೆ ಓದಿದರೆ ಹೆಚ್ಚು ಸಿಗುತ್ತೆ. ಎಬ್ಬಿಸೋ ಪುಸ್ತಕ ಬೇರೆ, ಅಳೆಯೋ ಪುಸ್ತಕ ಬೇರೆ. ಎರಡೂ ಬೇಕು. ನಾನು ಒಂದನ್ನ ಇನ್ನೊಂದು ಅಂದುಕೊಂಡಿದ್ದೆ.

ಈಗ ತಿದ್ದುಪಡಿ.

ಮುತ್ತು ರತ್ನ ಸೇರಿನಲ್ಲಿ ಅಳೆದರು ಅನ್ನೋದಕ್ಕೆ ನನ್ನ ಹತ್ತಿರ ಆಧಾರ ಇಲ್ಲ. ಬಜಾರಿನಲ್ಲಿ ಮಾರ್ತಿದ್ದರು ಅನ್ನೋದಕ್ಕೆ ಇದೆ.

ಯುದ್ಧ ನಡೆದದ್ದು ತಾಳಿಕೋಟೆಯ ಮೈದಾನದಲ್ಲಿ ಅಂದಿದ್ದೆ. ತಾಳಿಕೋಟಿ ಸುಲ್ತಾನರ ಸೈನ್ಯ ಸೇರಿದ ಜಾಗ. ಯುದ್ಧ ನಡೆದದ್ದು ಅಲ್ಲಿಂದ ದೂರ, ಕೃಷ್ಣಾ ನದಿಯ ಹತ್ತಿರ. ರಕ್ಕಸಗಿ-ತಂಗಡಗಿ ಅಂತ ಕೆಲವರು, ಬನ್ನಿಹಟ್ಟಿ ಅಂತ ಕೆಲವರು ಹೇಳ್ತಾರೆ. ಕಳೆದ ರಜೆಯಲ್ಲಿ ನಾನು ರೂಮ್‌ಮೇಟ್ ಜೊತೆ ತಂಗಡಗಿಗೆ ಹೋಗಿದ್ದೆ. ಯುದ್ಧದ ಜಾಗ ಯಾವುದು ಅಂತ ಕೇಳಿದರೆ ಅಲ್ಲಿನವರು ತೋರಿಸಿದ್ದು ಬಸವಣ್ಣನವರ ಹೆಂಡತಿ ನೀಲಮ್ಮನ ಗುಡಿಯನ್ನ. ಅವರಿಗೆ ತಂಗಡಗಿ ಅಂದ್ರೆ ನೀಲಮ್ಮ ಐಕ್ಯಳಾದ ಊರು.

ಸುಲ್ತಾನರೆಲ್ಲ ಧರ್ಮಕ್ಕಾಗಿ ಒಂದಾದರು ಅಂದಿದ್ದೆ. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಒಂದಾಗಿದ್ದು ನಿಜ, ಬೀರಾರ್ ಸೇರಲಿಲ್ಲ. ಆದರೆ ಒಂದಾಗೋ ಮುಂಚೆ ಅವರ ನಡುವೆ, ಅವರ ಮತ್ತು ರಾಮರಾಯನ ನಡುವೆ ಏನೇನಿತ್ತು ಅನ್ನೋದನ್ನ ನಾನು ಬಿಟ್ಟುಬಿಟ್ಟಿದ್ದೆ. ಬುಕ್ಕರಾಯನ ಶಾಸನಗಳಲ್ಲೇ 'ಹಿಂದೂರಾಯ ಸುರತ್ರಾಣ' ಅನ್ನೋ ಬಿರುದು ಬರುತ್ತೆ. ಪಿಯುಸಿ ಸಂಸ್ಕೃತದ ಜೋರಿನಲ್ಲಿ ನಾನು 'ಸುರರನ್ನ ಕಾಪಾಡೋನು' ಅಂತ ಅರ್ಥ ಮಾಡಿದ್ದೆ. ಸುರತ್ರಾಣ ಅಂದ್ರೆ ಸುಲ್ತಾನ್ ಅನ್ನೋ ಪದವನ್ನೇ ಸಂಸ್ಕೃತಕ್ಕೆ ಬಗ್ಗಿಸಿದ್ದು. ಹಿಂದೂ ರಾಜರಲ್ಲಿ ಸುಲ್ತಾನ ಅಂತ ವಿಜಯನಗರದ ರಾಜರು ತಮ್ಮನ್ನ ತಾವೇ ಹೆಮ್ಮೆಯಿಂದ ಕರೆದುಕೊಂಡರು.

ಹಂಪಿ ಹಾಳಾಗಿದ್ದು ಸುಳ್ಳಲ್ಲ. ಲೂಟಿ ಆಯ್ತು, ಮೂರ್ತಿಗಳು ಒಡೆದವು, ಅಷ್ಟು ದೊಡ್ಡ ಊರು ಮತ್ತೆ ತುಂಬಲೇ ಇಲ್ಲ. ಇದನ್ನ ಯಾರ ಮನಸ್ಸಿಗೂ ನೋವಾಗದಿರಲಿ ಅಂತ ಮುಚ್ಚಿಡೋದೂ ತಪ್ಪು. ಆದರೆ ಎಲ್ಲವೂ ನೆಲಸಮ ಆಗಲಿಲ್ಲ, ವಿರೂಪಾಕ್ಷನಿಗೆ ಇವತ್ತಿಗೂ ಪೂಜೆ ನಡೀತಿದೆ. ಸಾಮ್ರಾಜ್ಯವೂ ಅವತ್ತೇ ಮುಗೀಲಿಲ್ಲ. ರಾಮರಾಯನ ತಮ್ಮ ತಿರುಮಲ ಪೆನುಕೊಂಡಕ್ಕೆ ಹೋದ, ಅರವೀಡು ಮನೆತನದ ರಾಜರು ಪೆನುಕೊಂಡ, ಚಂದ್ರಗಿರಿ, ವೆಲ್ಲೂರಿನಿಂದ 17ನೇ ಶತಮಾನದವರೆಗೂ ಆಳಿದರು.

ಇನ್ನು 'ನಮ್ಮವರು'. ಈ ಪದಕ್ಕೆ ಪುಸ್ತಕದಿಂದ ತಿದ್ದುಪಡಿ ಸಿಗಲಿಲ್ಲ. ರಾಜ್ಯೋತ್ಸವದ ಸ್ಟೇಜ್ ಮೇಲೆ, ಕನ್ನಡದಲ್ಲಿ, 'ನಮ್ಮವರು' ಅಂದಾಗ ಆಡಿಟೋರಿಯಂನಲ್ಲಿ ಕೂತಿದ್ದ ಒಬ್ಬ ಕನ್ನಡದ ಹುಡುಗ ತಾನು ಅದರಲ್ಲಿ ಇದ್ದೀನಾ ಅಂತ ಯೋಚನೆ ಮಾಡೋ ಹಾಗಾಯ್ತು. ಅದು ನನ್ನ ತಪ್ಪು, ಇಲ್ಲಿ ವಾಪಸ್ ತಗೊಳ್ತಿದ್ದೀನಿ.

ಈ ಲೇಖನ ಕಳಿಸೋ ಮುಂಚೆ ಅವನಿಗೆ ಓದಿ ಹೇಳಿದೆ. "ಭಾಳ ಉದ್ದ ಆತು. ಮತ್ತ, ನನ್ನನ್ನ ಭಾಳ ಶಾಣ್ಯಾ ಮಾಡೀದಿ," ಅಂದ. ಆಮೇಲೆ ಬನ್ನಿಹಟ್ಟಿ ಬಗ್ಗೆ ಅರ್ಧ ಗಂಟೆ ನನ್ನ ಜೊತೆ ವಾದ ಮಾಡಿದ. ಅವನ ಪ್ರಕಾರ ನಾನು ಆ ಹೆಸರು ಹಾಕಲೇಬಾರದಿತ್ತು. ನಾನು ತೆಗೆದಿಲ್ಲ.

ಮೇಲಿನ ಆರರಲ್ಲಿ ಈಟನ್ ನಮ್ಮ ಲೈಬ್ರರಿಯ ಆಪ್ಟಿಟ್ಯೂಡ್ ಪುಸ್ತಕಗಳ ಪಕ್ಕದ ರ‍್ಯಾಕ್‌ನಲ್ಲಿ ಇದೆ, ನನಗಿಂತ ಮುಂಚೆ ಅದನ್ನ ತಗೊಂಡವರ ಸ್ಲಿಪ್ ಖಾಲಿ ಇತ್ತು. 'ರಾಕ್ಷಸ ತಂಗಡಿ', 'ರೆಬೆಲ್ ಸುಲ್ತಾನ್ಸ್' ನನ್ನ ಹತ್ತಿರ ಇವೆ, ಹಾಸ್ಟೆಲ್‌ಗೆ ಬಂದು ತಗೊಂಡು ಹೋಗಿ. ಮಾರ್ಜಿನ್‌ನಲ್ಲಿ ಅಲ್ಲಲ್ಲಿ ಪೆನ್ಸಿಲ್‌ನಲ್ಲಿ 'ಹೇಗೆ ಗೊತ್ತು?' ಅಂತ ಬರೆದಿದ್ದೀನಿ, ಕೆಲವು ಕಡೆ ರೂಮ್‌ಮೇಟ್ ಅದರ ಕೆಳಗೆ ಉತ್ತರ ಬರೆದಿದ್ದಾನೆ. ನಿಮಗೆ ಬೇರೆ ಉತ್ತರ ಗೊತ್ತಿದ್ದರೆ ನೀವೂ ಬರೆಯಿರಿ. ಪೆನ್ಸಿಲ್‌ನಲ್ಲೇ ಬರೀರಿ. ಮತ್ತೆ ಪುಸ್ತಕ ವಾಪಸ್ ಕೊಡಿ.